ನೀಲಿ ಶಾಯಿಯ ಸಹಿ

ಜುಲೈ ಬಂತೆಂದರೆ ನನಗೆ ಇಂದಿಗೂ ಅಂಚೆ ಲಕೋಟೆ ನೆನಪಾಗುತ್ತೆ.

1857ರ ದಂಗೆಯ ಖರ್ಚು ತುಂಬಿಸೋಕೆ 1860ರಲ್ಲಿ ಜೇಮ್ಸ್ ವಿಲ್ಸನ್ ಆದಾಯ ತೆರಿಗೆ ತಂದ ಕಥೆ ಎಲ್ಲರೂ ಬರೆದಿದ್ದಾರೆ, ಬಿಡಿ. ನನ್ನಂಥ ರಿಟರ್ನ್ ತುಂಬುವವರ ಚರಿತ್ರೆ ಬೇರೆ. 2007ರ ಹೊಸ ಐಟಿಆರ್ ಫಾರಂಗಳಿಗೆ ಯಾವ ದಾಖಲೆಯನ್ನೂ ಲಗತ್ತಿಸೋ ಹಾಗಿರಲಿಲ್ಲ. ಫಾರಂ 16, ಎಲ್ಐಸಿ ರಸೀದಿ ಕಟ್ಟು ಕಟ್ಟಿ ತಂದವರು "ಕಾಗದ ನೋಡದೆ ಹೇಗ್ರೀ ನಂಬ್ತಾರೆ?" ಅಂತ ನನ್ನನ್ನೇ ಅನುಮಾನದಿಂದ ನೋಡೋರು.

2009ರಲ್ಲಿ ಬೆಂಗಳೂರಲ್ಲಿ ಸಿಪಿಸಿ ಶುರುವಾಯ್ತು. ಡಿಜಿಟಲ್ ಸಹಿ ಇಲ್ಲದವರು ಇ-ಫೈಲ್ ಮಾಡಿ, ಐಟಿಆರ್-ವಿ ಅನ್ನೋ ಒಂದು ಹಾಳೆಗೆ ನೀಲಿ ಶಾಯಿಯಲ್ಲಿ ಸಹಿ ಹಾಕಿ, ಎಲೆಕ್ಟ್ರಾನಿಕ್ ಸಿಟಿಯ ಪೋಸ್ಟ್ ಬ್ಯಾಗ್ ನಂ. 1ಕ್ಕೆ ಕಳಿಸಬೇಕಿತ್ತು. ಇಡೀ ದೇಶಕ್ಕೆ ಅದೊಂದೇ ವಿಳಾಸ! ಸಾದಾ ಅಂಚೆ ಇಲ್ಲವೇ ಸ್ಪೀಡ್ ಪೋಸ್ಟ್ ಮಾತ್ರ, ಕೊರಿಯರ್ ನಡೀತಿರಲಿಲ್ಲ. ಗಡುವಿನೊಳಗೆ ತಲುಪದಿದ್ದರೆ ಆಗ ರಿಟರ್ನ್ ಹಾಕೇ ಇಲ್ಲ ಅಂತ ಲೆಕ್ಕ ಆಗ್ತಿತ್ತು.

2012ರಲ್ಲಿ, ಆಗ ಗಡುವು 120 ದಿನ, ನಮ್ಮ ನಿವೃತ್ತ ಮೇಷ್ಟ್ರೊಬ್ಬರು ಭದ್ರವಾಗಿರಲಿ ಅಂತ ಕೊರಿಯರ್ ಮಾಡಿದ್ರು. ವಾಪಸ್ ಬಂದ ಲಕೋಟೆ ಬೀರು ಸೇರಿತು. ಹನ್ನೊಂದು ಸಾವಿರದ ರಿಫಂಡು, ಮಗಳ ಬಾಣಂತನಕ್ಕೆ ಅಂತ ಎಣಿಸಿಟ್ಟಿದ್ದ ದುಡ್ಡು. ತಪ್ಪು ನನ್ನದು. ಕೊರಿಯರ್ ಬೇಡ ಅಂತ ಹೇಳಿದ್ದೆ ಅಂದ್ಕೊಂಡಿದ್ದೆ, ಹೇಳಿರಲಿಲ್ಲ. ಗೊತ್ತಾದಾಗ ಉಳಿದಿದ್ದು ಆರೇ ದಿನ. ಹೊಸ ಪ್ರಿಂಟ್, ಹೊಸ ಸಹಿ, ಸ್ಪೀಡ್ ಪೋಸ್ಟ್. ತಲುಪಿದ ಇಮೇಲ್ ಬರೋವರೆಗೆ ದಿನಾ ಸಂಜೆ ಮೇಷ್ಟ್ರು ನನ್ನ ಬಾಗಿಲಲ್ಲಿ, ಬೈಯದೆ, ಸುಮ್ಮನೆ ಕೂತಿರೋರು.

2015ರಲ್ಲಿ ಆಧಾರ್ ಓಟಿಪಿ ಬಂತು. ಮೇಷ್ಟ್ರು ಮಾತ್ರ ಈಗಲೂ ಪೆನ್ನು ತೆಗೆದು ಕೇಳ್ತಾರೆ, "ಸಹಿ ಎಲ್ಲಿ ಮಾಡ್ಲಪ್ಪಾ?"