ಹರಿದ್ರೆಯ ನೀರಿನ ಪಾಲು

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ಸವಳಂಗವೆಂಬ ಊರು ಸಿಕ್ಕುತ್ತದೆ. ಅಲ್ಲಿಯ ಕೆರೆಯನ್ನು ಕಂಡು ಸಂತೋಷಪಡದ ಪಟ್ಟಣವಾಸಿ ವಿರಳ. ನಮಗೆ ಕೆರೆಯೆಂಬುದು ಒಂದು ನೋಟ. ಊರಿನವರಿಗಾದರೋ ಅದೊಂದು ಲೆಕ್ಕ. ಈ ವರ್ಷ ಕೋಡಿ ಬಿದ್ದೀತೇ, ತೂಬನ್ನು ಎಂದು ಎತ್ತುವರು, ಕೊನೆಯ ಗದ್ದೆಗೆ ನೀರು ಮುಟ್ಟೀತೇ ಎಂಬ ಲೆಕ್ಕ. ಅರಸರ ವಂಶಾವಳಿಯನ್ನೂ ಯುದ್ಧಗಳ ವರ್ಷಗಳನ್ನೂ ಕಂಠಪಾಠ ಮಾಡಿದ ನಾವು ಈ ಲೆಕ್ಕದ ಚರಿತ್ರೆಯನ್ನು ಓದಿದವರಲ್ಲ. ಈ ಹೊತ್ತು ಅದರ ಒಂದೆರಡು ಪುಟಗಳನ್ನು ತಿರುವಿ ನೋಡೋಣ.

ಸವಳಂಗಕ್ಕೆ ಪೂರ್ವದಲ್ಲಿ, ಚನ್ನಗಿರಿಯ ಸೀಮೆಯಲ್ಲಿ, ಪ್ರಸಿದ್ಧವಾದ ಸೂಳೆಕೆರೆಯಿದೆ; ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಶಾಂತವ್ವೆಯೆಂಬ ರಾಜಪುತ್ರಿ ಅದನ್ನು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಕತೆ ಕತೆಯಾಗಿಯೇ ಇರಲಿ. ಗುಡ್ಡಗಳ ನಡುವಣ ಕಣಿವೆಗೆ ಏರಿಯನ್ನು ಹಾಕಿ, ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳನ್ನಿಟ್ಟಿರುವುದು ಮಾತ್ರ ಕಣ್ಣೆದುರಿಗಿದೆ. ಇಲ್ಲಿಂದ ಹೊರಡುವ ಹರಿದ್ರಾ ನದಿಯು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಈ ಹರಿದ್ರೆಯ ನೀರನ್ನು ಕುರಿತು ಹರಿಹರದಲ್ಲಿ 1410ರ ಒಂದು ಶಾಸನವಿದೆ. ಆಗ ವಿಜಯನಗರದಲ್ಲಿ ಮೊದಲನೆಯ ದೇವರಾಯನು ಆಳುತ್ತಿದ್ದನು. ಹರಿಹರದ ಬ್ರಾಹ್ಮಣರು ಹರಿದ್ರೆಗೆ ಅಣೆಯನ್ನು ಕಟ್ಟಿ ಕಾಲುವೆಯನ್ನು ತರಲು ಮನಸ್ಸು ಮಾಡಿದರು. ಆದರೆ ಕಾಲುವೆ ಹರಿಹರದೇವರ ಭೂಮಿಯನ್ನು ಹಾದು ಬರಬೇಕು. ನೆಲ ಒಬ್ಬರದು, ಹಣ ಮತ್ತೊಬ್ಬರದು, ನೀರು ಯಾರದು? ಇತ್ತಂಡದವರೂ ಕುಳಿತು ಒಡಂಬಟ್ಟರು: ಬ್ರಾಹ್ಮಣರಿಗೂ ಪಾಲು, ದೇವರಿಗೂ ಪಾಲು, ಖರ್ಚೂ ಅದೇ ಪ್ರಮಾಣದಲ್ಲಿ. ನೀರಿನ ಹಕ್ಕಿಗೆ ಹೊಣೆಯೇ ಅಳತೆ ಎಂಬ ತತ್ತ್ವವನ್ನು ಕಲ್ಲಿನ ಮೇಲೆ ಬರೆಸಿಟ್ಟರು. ಕಟ್ಟಿದ ಅಣೆ ಬಹುಕಾಲ ನಿಲ್ಲಲಿಲ್ಲ. ಅದು ಒಡೆದುದನ್ನೂ ಮತ್ತೆ ಕಟ್ಟಿಸಿದುದನ್ನೂ 1424ರ ಇನ್ನೊಂದು ಶಾಸನ ಹೇಳುತ್ತದೆ. ಕಟ್ಟುವುದು ಒಮ್ಮೆಯ ಪುಣ್ಯ. ಕಾಪಾಡುವುದು ಪ್ರತಿವರ್ಷದ ದುಡಿಮೆ.

ಆ ದುಡಿಮೆಗೆ ನಮ್ಮ ಹಿರಿಯರು ಏರ್ಪಾಡು ಮಾಡದೆ ಇರಲಿಲ್ಲ. ಕೆರೆಯ ಕೆಳಗೆ ಬೆಳೆದ ಬೆಳೆಯಲ್ಲಿ ಒಂದಂಶವನ್ನು ಕೆರೆಗೆಂದೇ ತೆಗೆದಿಡುತ್ತಿದ್ದರು, ಅದು ಬಿತ್ತುವಟ್ಟ. ಕೆರೆಯನ್ನು ಕಟ್ಟಿದವರಿಗೂ ಕಾಯುವವರಿಗೂ ಭೂಮಿಯನ್ನು ಬಿಡುತ್ತಿದ್ದರು, ಅದು ಕಟ್ಟುಕೊಡಗೆ. ಬೇಸಗೆಯಲ್ಲಿ ನೀರಿಳಿದಾಗ ರೈತರು ಹೂಳನ್ನೆತ್ತಿ ತಮ್ಮ ಹೊಲಕ್ಕೇ ಗೊಬ್ಬರವಾಗಿ ಹೊಡೆಯುತ್ತಿದ್ದರು. ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವ ಕೆಲಸ ನೀರಗಂಟಿಯದು. ಮಳೆ ಕಡಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು ಸಾಕಾದೀತೆಂದು ಊರವರು ಮೊದಲೇ ಗೊತ್ತುಮಾಡುತ್ತಿದ್ದರು. ನೀರಗಂಟಿಗೆ ಸಂಬಳವಿಲ್ಲ, ಸುಗ್ಗಿಯಲ್ಲಿ ಕಣದಿಂದ ಧಾನ್ಯ. ಎಲ್ಲರ ಕಣವೂ ತುಂಬಿದರೆ ತಾನೆ ಅವನ ಮೊರವೂ ತುಂಬುವುದು? ಆದಕಾರಣ ತೂಬಿನ ಹತ್ತಿರದವನಂತೆಯೇ ಕೊನೆಯವನೂ ಅವನಿಗೆ ಬೇಕಾದವನು.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಊರ ನೀರನ್ನು ಹಂಚುವ ನೀರಗಂಟಿ ಬಹುಕಡೆಗಳಲ್ಲಿ ಹೊಲೆಯರ ಕೇರಿಯವನು. ಅವನಿಗೆ ಸ್ವಂತ ಗದ್ದೆಯಿರುವುದು ಅಪೂರ್ವ. ಏರಿಗೆ ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲಿದೆ? ಹರಿಹರದ ಒಪ್ಪಂದವೂ ಹಣ ಹಾಕಿದವರ ಒಪ್ಪಂದವೇ ಹೊರತು ಬೆವರು ಸುರಿಸಿದವರದಲ್ಲ.

1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಏರ್ಪಟ್ಟಿತು. ದುರಸ್ತಿಯ ಹೊಣೆ ಕ್ರಮೇಣ ಊರ ಚಾವಡಿಯಿಂದ ಕಚೇರಿಗೆ ಸರಿಯಿತು. ಕೈತಪ್ಪಿದುದನ್ನು ಊರಿಗೆ ಹಿಂದಿರುಗಿಸಲು 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ಬಂದಿತು. ಮುಂದೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, ಅದರ ನಾಲೆಗಳು ಚನ್ನಗಿರಿ, ದಾವಣಗೆರೆ, ಹರಿಹರಗಳ ಕಡೆಗೆ ಹರಿದವು. 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಅಧಿಕಾರವನ್ನು ಕೊಟ್ಟರು. ಆದರೂ ಮಳೆ ಹಿಂದೆಗೆದ ವರ್ಷಗಳಲ್ಲಿ ನಾಲೆಯ ಕೊನೆಯ ರೈತರು ರಸ್ತೆಗೆ ಬಂದು ಕೇಳುವ ಪ್ರಶ್ನೆ ಹೊಸದಲ್ಲ: ಮೇಲಿನವರು ತಡೆದರೆ ನಮಗೇನು ಗತಿ?

ಕಾನೂನು ಸಂಘವನ್ನು ಹುಟ್ಟಿಸಬಲ್ಲುದು, ಒಡಂಬಡಿಕೆಯನ್ನು ಹುಟ್ಟಿಸಲಾರದು. ಹೊಣೆ ಹೊತ್ತವನಿಗೆ ನೀರು ಎಂಬ ಹರಿಹರದ ಮಾತನ್ನೂ, ಕೊನೆಯ ಗದ್ದೆಯವನ ಸುಗ್ಗಿಯಲ್ಲಿಯೇ ತನ್ನ ಸುಗ್ಗಿಯಿದೆ ಎಂಬ ನೀರಗಂಟಿಯ ಅರಿವನ್ನೂ ಕೂಡಿಸಬೇಕು. ಆ ಅರಿವಿನ ಒಡೆಯನಿಗೂ ಒಂದು ಪಾಲಿರಬೇಕು. ಇನ್ನೊಮ್ಮೆ ಸವಳಂಗದ ಕೆರೆಯ ಪಕ್ಕದಲ್ಲಿ ಹಾದುಹೋಗುವಾಗ ನಾವು ನೀರನ್ನು ಮಾತ್ರ ನೋಡದೆ ತೂಬನ್ನೂ ನೋಡೋಣ. ಅದನ್ನು ಎತ್ತುವ ಕೈ ಯಾರದೆಂದು ವಿಚಾರಿಸೋಣ.