ಹೊಸ ಲ್ಯಾಪ್‌ಟಾಪ್‌ಗೆ ಜಿಪಿಎಸ್ ಕನೆಕ್ಟ್ ಆಗವಲ್ದಾ? ‘ಫಾರ್ಮ್ಯಾಟ್’ ಒತ್ತೋ ಮುಂಚೆ ಇದನ್ನ ನೋಡ್ರಿ

ಆಲಮೇಲ: ಹಳೇ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೀತಿದ್ದ ಜಿಪಿಎಸ್ ಮಷಿನ್, ಹೊಸದಕ್ಕೆ ಹಚ್ಚಿದ ಕೂಡಲೇ ಮೂಕಾಗಿಬಿಡುತ್ತದೆ. ಮಷಿನ್ ಮೇಲೆ ಚಾರ್ಜ್ ಗುರುತು ಬರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಏನೂ ಕಾಣೋದಿಲ್ಲ. “ಮಷಿನ್ ಹೋತು, ಹೊಸದು ತರಬೇಕು” ಅಂತ ಗಾಬರಿಯಾಗುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಕೆಟ್ಟಿರೋದು ಮಷಿನ್ ಅಲ್ಲ. ಕೇಬಲ್, ಸೆಟ್ಟಿಂಗ್ ಇಲ್ಲವೇ ಡ್ರೈವರ್‌ನಲ್ಲಿ ತೊಂದರೆ ಇರುತ್ತದೆ.

ಭೀಮಾ ದಂಡೆಯ ಈ ಭಾಗ ಕಬ್ಬಿನ ಸೀಮೆ. ಆಲಮೇಲದಲ್ಲಿ ಕೆಪಿಆರ್, ಇಂಡಿ ತಾಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇವೆ. ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದು ಕ್ಷೇತ್ರ ಅಳೆಯಲು, ಬೋರ್‌ವೆಲ್, ಪೈಪ್‌ಲೈನ್ ಜಾಗ ಗುರುತು ಹಾಕಲು ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಯೋಗಕ್ಕೆ ಬರುತ್ತದೆ. ವಾರಗಟ್ಟಲೆ ಬಿಸಿಲಲ್ಲಿ ಅಡ್ಡಾಡಿ ತಂದ ಅಳತೆ ಆ ಸಣ್ಣ ಮಷಿನ್‌ನಲ್ಲಿ ಕೂತಿರುತ್ತದೆ. ಅದಕ್ಕೇ ಮೊದಲ ಮಾತು ಇದು.

ಫಾರ್ಮ್ಯಾಟ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ

ಮಷಿನ್ ಹಚ್ಚಿದಾಗ “ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು” ಅಂತ ವಿಂಡೋಸ್ ಕೇಳಬಹುದು. ಹೂಂ ಅಂದರೆ ಅಳತೆಯ ಜೊತೆಗೆ ಮಷಿನ್‌ನ ಒಳಗಿನ ಮ್ಯಾಪ್ ಕೂಡ ಹೋಗಬಹುದು. ‘ಕ್ಯಾನ್ಸಲ್’ ಒತ್ತಿ ಮಷಿನ್ ತೆಗೆಯಿರಿ. ಹಳೇ ಲ್ಯಾಪ್‌ಟಾಪ್ ಇನ್ನೂ ಕೈಯಲ್ಲಿದ್ದರೆ ಅದನ್ನ ಮಾರುವ ಮುಂಚೆ, ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ, ಅದರಿಂದಲೇ ಎಲ್ಲಾ ಫೈಲ್ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

1. ಕೇಬಲ್

ಅಂಗಡಿಯಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕೆಲವು ಬರೀ ಚಾರ್ಜಿಂಗ್‌ಗೆ ಮಾಡಿದವು. ಅವುಗಳ ಒಳಗೆ ಡೇಟಾ ಹೋಗುವ ತಂತಿಯೇ ಇರೋದಿಲ್ಲ. ಗಾರ್ಮಿನ್ ಇಟ್ರೆಕ್ಸ್ 10, 20, 30 ಮಾದರಿಗಳಿಗೆ ಮಿನಿ ಯುಎಸ್‌ಬಿ ಬೇಕು. ಮೊಬೈಲ್‌ನ ಮೈಕ್ರೋ ಯುಎಸ್‌ಬಿ ಅದರಲ್ಲಿ ಕೂಡೋದಿಲ್ಲ, ಒತ್ತಿ ತುರುಕಿದರೆ ಪಿನ್ ಹಾಳಾಗುತ್ತದೆ. ಅಂಗಡಿಯಲ್ಲಿ “ಡೇಟಾ ಕೇಬಲ್” ಅಂತ ಕೇಳಿ, ಅಲ್ಲೇ ಹಚ್ಚಿ ನೋಡಿ ತೊಗೊಳ್ಳಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಬರೀ ಟೈಪ್-ಸಿ ಪೋರ್ಟ್ ಇದ್ದರೆ ಡೇಟಾ ಹೋಗುವ ಕನ್ವರ್ಟರ್ ಬೇಕು. ಹಬ್ ಮೂಲಕ ಹಚ್ಚಿದ್ದರೆ ಅದನ್ನ ಬಿಟ್ಟು ನೇರ ಪೋರ್ಟ್‌ಗೆ ಹಚ್ಚಿ, ಬೇರೆ ಪೋರ್ಟ್‌ನಲ್ಲೂ ನೋಡಿ.

2. ಮಷಿನ್‌ನ ಸೆಟ್ಟಿಂಗ್

ಮಷಿನ್ ಆಫ್ ಮಾಡಿ, ಒಳ್ಳೆ ಸೆಲ್ ಹಾಕಿ, ಆಮೇಲೆ ಕೇಬಲ್ ಹಚ್ಚಿ. ಟ್ರ್ಯಾಕ್ ಬಹಳ ತುಂಬಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಕಾಣಲು ಕೆಲವು ನಿಮಿಷ ಹಿಡಿಯುತ್ತದೆ. ಅವಸರ ಮಾಡಿ ಕಿತ್ತು ಹಚ್ಚಬೇಡಿ. ಆದರೂ ಬರದಿದ್ದರೆ ಮಷಿನ್‌ನ ಸೆಟಪ್ ಒಳಗೆ ಸಿಸ್ಟಮ್ ತೆಗೆದು ಯುಎಸ್‌ಬಿ ಅಥವಾ ಇಂಟರ್‌ಫೇಸ್ ಆಯ್ಕೆ ನೋಡಿ. ಹಳೇ ಮಷಿನ್‌ಗಳಲ್ಲಿ ‘ಮಾಸ್ ಸ್ಟೋರೇಜ್’, ಹೊಸದರಲ್ಲಿ ‘ಎಂಟಿಪಿ’ ಅಂತ ಇರುತ್ತದೆ. ಮಾಸ್ ಸ್ಟೋರೇಜ್ ಆದರೆ ಪೆನ್‌ಡ್ರೈವ್ ತರಹ ಡ್ರೈವ್ ಅಕ್ಷರದೊಂದಿಗೆ ಕಾಣುತ್ತದೆ. ಎಂಟಿಪಿ ಆದರೆ ಮೊಬೈಲ್ ಹಚ್ಚಿದಂಗೆ ಮಷಿನ್ ಹೆಸರು ಮಾತ್ರ ಬರುತ್ತದೆ, ಅಕ್ಷರ ಇರೋದಿಲ್ಲ.

ಮಷಿನ್ ಒಳಗೆ ಮೆಮೊರಿ ಕಾರ್ಡ್ ಇದ್ದರೆ ಅದನ್ನ ತೆಗೆದಿಟ್ಟು ಮತ್ತೊಮ್ಮೆ ಹಚ್ಚಿ. ಕಾರ್ಡ್ ಕೆಟ್ಟಿದ್ದರೂ ಮಷಿನ್ ನಿಂತುಬಿಡುತ್ತದೆ.

3. ಲ್ಯಾಪ್‌ಟಾಪ್‌ನಲ್ಲಿ ಎಲ್ಲಿ ನೋಡಬೇಕು?

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’, ‘ಡಿವೈಸ್ ಮ್ಯಾನೇಜರ್’ ಎರಡೂ ಸಿಗುತ್ತವೆ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಷಿನ್ ಕಂಡು, ಅದಕ್ಕೆ ಅಕ್ಷರ ಇಲ್ಲದಿದ್ದರೆ ‘ಚೇಂಜ್ ಡ್ರೈವ್ ಲೆಟರ್’ ಒತ್ತಿ ಖಾಲಿ ಇರುವ ಅಕ್ಷರ ಕೊಡಿ. ಅಲ್ಲಿಯೂ ಫಾರ್ಮ್ಯಾಟ್ ಅಂತ ಇರುತ್ತದೆ, ಅದನ್ನ ಮುಟ್ಟಬೇಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಕಂಡರೆ ಡ್ರೈವರ್ ತೊಂದರೆ. ಕಂಪನಿಯ ಅಧಿಕೃತ ಸೈಟ್‌ನಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಸಿಕ್ಕ ಸಿಕ್ಕ ಸೈಟ್‌ನ ‘ಫ್ರೀ ಡ್ರೈವರ್’ ಹಾಕಿದರೆ ವೈರಸ್ ಬರುವ ಭಯ.

4. ಹೊಸ ಲ್ಯಾಪ್‌ಟಾಪ್‌ನ ಮೂರು ತಕರಾರು

ಒಂದು, ‘ಎಸ್ ಮೋಡ್’. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಬಿಟ್ಟು ಹೊರಗಿನ ಸಾಫ್ಟ್‌ವೇರ್ ಹಾಕಲು ಬಿಡೋದಿಲ್ಲ. ಇದರಿಂದ ಹೊರಬರಲು ದುಡ್ಡು ಬೇಕಾಗಿಲ್ಲ, ಆದರೆ ಮತ್ತೆ ಒಳಗೆ ಹೋಗಲು ಬರೋದಿಲ್ಲ.

ಎರಡು, ಪ್ರೊಸೆಸರ್. ಸ್ನಾಪ್‌ಡ್ರಾಗನ್ ಇರುವ ಲ್ಯಾಪ್‌ಟಾಪ್‌ಗೆ ಇಂಟೆಲ್‌ಗೆ ಮಾಡಿದ ಹಳೇ ಡ್ರೈವರ್ ನಡೆಯೋದಿಲ್ಲ. ಹಳೇ ಮಷಿನ್ ಇಟ್ಟುಕೊಂಡವರು ಲ್ಯಾಪ್‌ಟಾಪ್ ಕೊಳ್ಳುವ ಮುಂಚೆಯೇ ಇದನ್ನ ಅಂಗಡಿಯವರಿಗೆ ಕೇಳಬೇಕು.

ಮೂರು, ‘ಮೆಮೊರಿ ಇಂಟಿಗ್ರಿಟಿ’. ವಿಂಡೋಸ್ 11ರಲ್ಲಿರುವ ಈ ಕಾವಲು ಕೆಲವು ಹಳೇ ಡ್ರೈವರ್‌ಗಳನ್ನ ತಡೆಯುತ್ತದೆ. ಇದನ್ನ ಆಫ್ ಮಾಡಿದರೆ ಲ್ಯಾಪ್‌ಟಾಪ್‌ನ ಭದ್ರತೆ ಕಡಿಮೆ ಆಗುತ್ತದೆ. ಮೊದಲು ಹೊಸ ಡ್ರೈವರ್ ಹುಡುಕೋದೇ ಲೇಸು.

5. ದುಂಡು ಪಿನ್‌ನ ಹಳೇ ಮಷಿನ್ ಇದ್ದರೆ

ಯುಎಸ್‌ಬಿ ಬರುವ ಮುಂಚಿನ ಮಷಿನ್‌ಗಳಿಗೆ ಸೀರಿಯಲ್ ಕನ್ವರ್ಟರ್ ಬೇಕು. ಹಳೇ ಕನ್ವರ್ಟರ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ ಬಹಳ. ಅದರ ಎಚ್‌ಎಕ್ಸ್‌ಎ ಮಾದರಿ 2012ರಿಂದಲೇ ನಿಂತಿದೆ ಅಂತ ಹೊಸ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲೇ ಬರೆದು ಬರುತ್ತದೆ. ಇಂಥ ಕಡೆ ಕನ್ವರ್ಟರ್ ಮಾತ್ರ ಬದಲಿಸಿದರೆ ಸಾಕು, ಜಿಪಿಎಸ್ ಬದಲಿಸಬೇಕಾಗಿಲ್ಲ. ಹೊಸದು ಹಚ್ಚಿದ ಮೇಲೆ ಅದಕ್ಕೆ ಯಾವ ಕಾಮ್ ಪೋರ್ಟ್ ನಂಬರ್ ಸಿಕ್ಕಿದೆ ನೋಡಿ, ಸಾಫ್ಟ್‌ವೇರ್‌ನಲ್ಲೂ ಅದೇ ನಂಬರ್ ಕೊಡಿ. ಎನ್‌ಎಂಇಎ ಡೇಟಾಕ್ಕೆ ಸಾಮಾನ್ಯ ವೇಗ 4800.

ಕೂಡಿತು, ಮುಂದೇನು?

ಗಾರ್ಮಿನ್ ಮಷಿನ್ ಆದರೆ ‘ಗಾರ್ಮಿನ್’ ಫೋಲ್ಡರ್ ಒಳಗಿನ ‘ಜಿಪಿಎಕ್ಸ್’ ಫೋಲ್ಡರ್ ಇಡಿಯಾಗಿ ಕಾಪಿ ಮಾಡಿ. ಸದ್ಯ ನಡೆದ ಟ್ರ್ಯಾಕ್ ಅದರೊಳಗಿನ ‘ಕರೆಂಟ್’ ಫೋಲ್ಡರ್‌ನಲ್ಲಿ, ಹಳೆಯವು ‘ಆರ್ಕೈವ್’ನಲ್ಲಿ ಇರುತ್ತವೆ. ಇಷ್ಟಕ್ಕೆ ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ. ಫೈಲ್ ತೆರೆದು ನೋಡಲು ಗೂಗಲ್ ಅರ್ಥ್ ಪ್ರೊ ಸಾಕು, 2015ರಿಂದ ಅದು ಪುಕ್ಕಟೆ. ಲ್ಯಾಪ್‌ಟಾಪ್ ಏನು ಮಾಡಿದರೂ ಒಪ್ಪದಿದ್ದರೆ, ಮಾಸ್ ಸ್ಟೋರೇಜ್ ಮಷಿನ್‌ಅನ್ನು ಒಟಿಜಿ ಹಾಕಿ ಆಂಡ್ರಾಯ್ಡ್ ಮೊಬೈಲ್‌ಗೆ ಹಚ್ಚಿಯೂ ಕಾಪಿ ಮಾಡಬಹುದು. ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಒತ್ತಿಯೇ ಕೇಬಲ್ ತೆಗೆಯಿರಿ.

ಅಳತೆ ಸರಿ ಅದೆಯೋ ಇಲ್ಲೋ ನೋಡಲು ಒಂದು ಸರಳ ಗುರುತು ಇದೆ. ಆಲಮೇಲ ಭಾಗದಲ್ಲಿ ಅಕ್ಷಾಂಶ 17 ಡಿಗ್ರಿ, ರೇಖಾಂಶ 76 ಡಿಗ್ರಿ ಆಸುಪಾಸು ಬರಬೇಕು. ಎರಡೂ ಅದಲು ಬದಲಾದರೆ ಹೊಲ ಬೇರೆ ದೇಶಕ್ಕೆ ಹೋಗುತ್ತದೆ. ಯುಟಿಎಂ ಕೇಳಿದರೆ ಜೋನ್ 43 ಉತ್ತರ, ಡೇಟಮ್ ಡಬ್ಲ್ಯುಜಿಎಸ್ 84. ಜಾಗ ಸರಿ ತೋರಿಸಿ ತಾರೀಖು ಮಾತ್ರ 19 ವರ್ಷಕ್ಕೂ ಹಿಂದಿನದು ಬಂದರೆ ಹೆದರಬೇಡಿ. ಜಿಪಿಎಸ್‌ನ ವಾರದ ಲೆಕ್ಕ 1024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತದೆ. ಕಳೆದ ಸಲ 2019ರ ಏಪ್ರಿಲ್ 7ರಂದು ಹಂಗಾಗಿದೆ. ಅಪ್‌ಡೇಟ್ ಮಾಡದ ಮಷಿನ್‌ಗಳು ಆಗಿನಿಂದ ತಪ್ಪು ತಾರೀಖು ತೋರಿಸುತ್ತವೆ.

ಗಡಿ ಜಗಳಕ್ಕೆ ಇದು ನಡೆಯೋದಿಲ್ಲ

ಕೈಯಲ್ಲಿ ಹಿಡಿಯುವ ಜಿಪಿಎಸ್ ಬಯಲಲ್ಲೂ 3ರಿಂದ 5 ಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ. ಒಂದು ಎಕರೆ ಚೌಕ ಹೊಲದ ಒಂದು ಬದಿ ಸುಮಾರು 64 ಮೀಟರ್. ಆ ಬದಿ ಪೂರ್ತಿ 3 ಮೀಟರ್ ಸರಿದರೆ ಸುಮಾರು 190 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಎರಡು ಗುಂಟೆ ವ್ಯತ್ಯಾಸ. ಕಬ್ಬಿನ ಅಂದಾಜಿಗೆ ಇದು ನಡೆದೀತು. ಬದುವಿನ ತಕರಾರಿಗೆ ನಡೆಯೋದಿಲ್ಲ. ಅದಕ್ಕೆ ಭೂಮಾಪನ ಇಲಾಖೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಮಷಿನ್ ತೋರಿಸಿದ ಗೆರೆ ನಂಬಿ ಬಾಜೂ ಹೊಲದವರ ಜೊತೆ ಜಗಳಕ್ಕೆ ಇಳಿಯಬೇಡಿ.