ಹೆರಿಗೆಯ ವೇಳೆ ಕಾಪರ್-ಟಿ ಅಳವಡಿಕೆ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಹೆರಿಗೆಯಾಗಿ ಮಗುವಿನೊಂದಿಗೆ ಮನೆಗೆ ಬಂದ ತಾಯಿಗೆ ಕೆಲವು ತಿಂಗಳ ಬಳಿಕ ಹೊಟ್ಟೆನೋವು. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದೊಳಗೆ ಕಾಪರ್-ಟಿ ಇರುವುದು ತಿಳಿಯುತ್ತದೆ. "ನನಗೆ ಯಾರೂ ಹೇಳಿರಲಿಲ್ಲ" ಎನ್ನುತ್ತಾಳೆ ಆಕೆ. ಇಂತಹ ದೂರುಗಳು ದೇಶದ ಹಲವೆಡೆ ಕೇಳಿಬಂದಿವೆ. ಇನ್ನು ಕೆಲವರು ಹೆರಿಗೆ ನೋವಿನ ನಡುವೆ ಕೇಳಿದ ಪ್ರಶ್ನೆಗೆ "ಹೂಂ" ಎಂದು, ಆಮೇಲೆ ಮನಸ್ಸಿನಲ್ಲಿ ಕೊರಗುತ್ತಾರೆ. ಆದ್ದರಿಂದ ವಿವಾಹ ತರಬೇತಿ ನೀಡುವವರಿಗೆ, ಸ್ತ್ರೀ ಸಂಘಟನೆಯ ಕಾರ್ಯಕರ್ತೆಯರಿಗೆ ಹಾಗೂ ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಏನಿದು?

ನಮ್ಮ ಊರುಗಳಲ್ಲಿ 'ವಂಕಿ' ಎಂದೂ ಕರೆಯಲಾಗುವ ಕಾಪರ್-ಟಿ, ತಾಮ್ರದ ತಂತಿ ಸುತ್ತಿದ ಸಣ್ಣ ಪ್ಲಾಸ್ಟಿಕ್ ಸಾಧನ. ಸರಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆ ಬಳಕೆಯಲ್ಲಿವೆ: 10 ವರ್ಷ ಕೆಲಸ ಮಾಡುವ 380 ಎ ಮತ್ತು 5 ವರ್ಷದ 375. ಬೇಡವೆನಿಸಿದರೆ ಅವಧಿಗೆ ಮೊದಲೇ ತೆಗೆಸಬಹುದು. ತೆಗೆಸಿದ ಮೇಲೆ ಗರ್ಭ ಧರಿಸುವ ಶಕ್ತಿ ಮರಳುತ್ತದೆ. ಎದೆಹಾಲಿನ ಮೇಲೆ ಇದರ ಪರಿಣಾಮವಿಲ್ಲ.

ಭಾರತದಲ್ಲಿ ಇದರ ಹಿಂದಿನ ರೂಪವಾದ 'ಲೂಪ್' 1965 ರಲ್ಲಿ ಕುಟುಂಬ ಯೋಜನೆಗೆ ಸೇರಿತು. 2005 ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ನಂತರ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದವು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ತಾಯಿ ಆಸ್ಪತ್ರೆಯಲ್ಲಿರುವಾಗಲೇ ಕಾಪರ್-ಟಿ ಅಳವಡಿಸುವ ಕಾರ್ಯಕ್ರಮ ಈ ಹಿನ್ನೆಲೆಯಲ್ಲಿ ಬೆಳೆಯಿತು. ತಾಯಿಯನ್ನು ಇದಕ್ಕೆ ಕರೆತರುವ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನವನ್ನೂ ಸರಕಾರ ಗೊತ್ತುಪಡಿಸಿತು.

ಯಾವಾಗ ಅಳವಡಿಸುತ್ತಾರೆ?

1. ಸಹಜ ಹೆರಿಗೆಯಲ್ಲಿ ಮಾಸು (ಕಸ) ಹೊರಬಿದ್ದ 10 ನಿಮಿಷಗಳೊಳಗೆ.
2. ಸಿಸೇರಿಯನ್ ಆದರೆ ಗರ್ಭಕೋಶವನ್ನು ಹೊಲಿಯುವ ಮೊದಲು, ಅದೇ ಗಾಯದ ಮೂಲಕ.
3. ಹೆರಿಗೆಯಾಗಿ 48 ಗಂಟೆಗಳೊಳಗೆ.

48 ಗಂಟೆ ದಾಟಿದರೆ ಆರು ವಾರಗಳವರೆಗೆ ಅಳವಡಿಸುವುದಿಲ್ಲ. ದೀರ್ಘಕಾಲ ನೀರು ಒಡೆದಿದ್ದರೆ, ಸೋಂಕಿನ ಜ್ವರವಿದ್ದರೆ ಅಥವಾ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಆ ಹೊತ್ತಿನಲ್ಲಿ ಅಳವಡಿಸಬಾರದು.

ತೊಂದರೆಗಳೇನು?

ಹೆರಿಗೆಯ ಕೂಡಲೇ ಅಳವಡಿಸಿದ ಕಾಪರ್-ಟಿ ತಾನಾಗಿ ಜಾರಿ ಹೊರಬೀಳುವ ಸಾಧ್ಯತೆ, ಆರು ವಾರಗಳ ನಂತರ ಅಳವಡಿಸಿದ್ದಕ್ಕಿಂತ ಹೆಚ್ಚು. ಆದುದರಿಂದ ಆರನೆಯ ವಾರದ ತಪಾಸಣೆ ಬಹಳ ಮುಖ್ಯ. ಸಿಸೇರಿಯನ್ ಆದವರಲ್ಲಿ ಅದರ ದಾರ ಕೆಳಗೆ ಕಾಣದಿರುವುದುಂಟು; ಆಗ ಸ್ಕ್ಯಾನಿಂಗ್ ಬೇಕಾಗುತ್ತದೆ. ಮುಟ್ಟಿನ ಸ್ರಾವ ಮತ್ತು ಹೊಟ್ಟೆನೋವು ಹೆಚ್ಚಾಗಬಹುದು. ಗರ್ಭಕೋಶಕ್ಕೆ ತೂತಾಗುವುದು ಅಪರೂಪ.

ಜ್ವರ, ದುರ್ವಾಸನೆಯ ಸ್ರಾವ, ಹೊಟ್ಟೆಯಲ್ಲಿ ತೀವ್ರ ನೋವು, ವಿಪರೀತ ರಕ್ತಸ್ರಾವ ಅಥವಾ ಗರ್ಭ ನಿಂತ ಸಂಶಯ ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಯಾರೂ ತಾವಾಗಿಯೇ ದಾರ ಎಳೆದು ತೆಗೆಯಬಾರದು.

ಒಪ್ಪಿಗೆ ಯಾರದು?

ಒಪ್ಪಿಗೆ ಆ ತಾಯಿಯದೇ ಆಗಿರಬೇಕು. 2008 ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿದೆ. ಪ್ರಜ್ಞೆ ತಪ್ಪಿದ್ದ ಆ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ವಯಸ್ಕ ರೋಗಿಯ ಪರವಾಗಿ ಬೇರೊಬ್ಬರು ಕೊಟ್ಟ ಆ ಒಪ್ಪಿಗೆ ಸಲ್ಲದೆಂದೂ, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಅನ್ವಯಿಸದೆಂದೂ ನ್ಯಾಯಾಲಯ ಹೇಳಿತು. ಹೆರಿಗೆಗೆ ಸಹಿ ಹಾಕಿದ ಮಾತ್ರಕ್ಕೆ ಕಾಪರ್-ಟಿಗೂ ಒಪ್ಪಿದಂತಾಗದು.

ವಿವರಣೆ ಮತ್ತು ಒಪ್ಪಿಗೆ ಗರ್ಭಿಣಿಯ ತಪಾಸಣೆಯ ದಿನಗಳಲ್ಲೇ ಆಗಬೇಕು. ಬಿರುಸಾದ ಹೆರಿಗೆ ನೋವಿನ ವೇಳೆ ಕೇಳಬಾರದು. ಬೇಡವೆನ್ನುವವರು ಏಳನೆಯ ಅಥವಾ ಎಂಟನೆಯ ತಿಂಗಳಲ್ಲೇ ವೈದ್ಯರಿಗೆ ತಿಳಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬೇಡವೆಂದ ಕಾರಣಕ್ಕೆ ಹೆರಿಗೆಯ ಸೇವೆಯನ್ನು ಯಾರೂ ನಿರಾಕರಿಸುವಂತಿಲ್ಲ. ಆಸ್ಪತ್ರೆಯಿಂದ ಹೊರಡುವಾಗ "ಏನಾದರೂ ಅಳವಡಿಸಿದ್ದೀರಾ?" ಎಂದು ಕೇಳಲು ಸಂಕೋಚ ಬೇಡ.

ಧರ್ಮಸಭೆಯ ಬೋಧನೆ

ಪೋಪ್ ಆರನೇ ಪೌಲರು 1968 ರ 'ಹುಮಾನೆ ವೀತೆ' ವಿಶ್ವಪತ್ರದಲ್ಲಿ ಎರಡು ವಿಷಯಗಳನ್ನು ಜೊತೆಯಾಗಿ ಹೇಳಿದ್ದಾರೆ. ಆರೋಗ್ಯ, ಆರ್ಥಿಕ ಸ್ಥಿತಿ, ಕುಟುಂಬದ ಪರಿಸ್ಥಿತಿಗಳನ್ನು ಪರಿಗಣಿಸಿ, ತಕ್ಕ ಕಾರಣವಿದ್ದಲ್ಲಿ ಮಕ್ಕಳ ನಡುವೆ ಅಂತರವಿಡುವುದು ಹೊಣೆಯರಿತ ಪಾಲಕತ್ವ. ಆದರೆ ಅದಕ್ಕಾಗಿ ದಾಂಪತ್ಯದ ಮಿಲನವನ್ನು ಉದ್ದೇಶಪೂರ್ವಕವಾಗಿ ಬಂಜೆಗೊಳಿಸುವ ಮಾರ್ಗ ಸರಿಯಲ್ಲ; ಪ್ರಕೃತಿಯ ಫಲವತ್ತಲ್ಲದ ದಿನಗಳನ್ನು ಅನುಸರಿಸಬಹುದು. ಹೀಗಾಗಿ ಕಾಪರ್-ಟಿಯನ್ನು ಧರ್ಮಸಭೆ ಒಪ್ಪುವುದಿಲ್ಲ.

ಇನ್ನೊಂದು ಕಾರಣವೂ ಇದೆ. ತಾಮ್ರವು ಮುಖ್ಯವಾಗಿ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸಿ ಫಲೀಕರಣವನ್ನೇ ತಡೆಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಫಲಿತ ಭ್ರೂಣ ಗರ್ಭಕೋಶದಲ್ಲಿ ನೆಲೆಯೂರದಂತೆ ತಡೆಯುವ ಸಾಧ್ಯತೆಯ ಬಗ್ಗೆ ಧರ್ಮಸಭೆಗೆ ಕಳವಳವಿದೆ. 1995 ರ 'ಎವಂಜೇಲಿಯುಮ್ ವೀತೆ' ಮತ್ತು 2008 ರ 'ಡಿಗ್ನಿತಾಸ್ ಪೆರ್ಸೊನೆ' ಇದನ್ನು ಪ್ರಸ್ತಾಪಿಸಿವೆ. ವಿಷಯ ತಿಳಿಸುವಾಗ ವೈದ್ಯರ ಮಾತನ್ನೂ ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ.

ಬೇರೆ ದಾರಿ ಇದೆಯೇ?

ತಾಯಿಯ ಆರೋಗ್ಯಕ್ಕೆ ಅಂತರ ಅಗತ್ಯ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಮಗುವಿಗೆ ಆರು ತಿಂಗಳು ತುಂಬಿರದೆ, ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡುತ್ತಾ, ಮುಟ್ಟು ಮರಳಿ ಬಾರದಿದ್ದರೆ, ಈ ಮೂರೂ ಕೂಡಿರುವಾಗ, ಗರ್ಭ ನಿಲ್ಲುವ ಸಾಧ್ಯತೆ ಶೇಕಡಾ ಎರಡಕ್ಕಿಂತ ಕಡಿಮೆ. ಒಂದು ತಪ್ಪಿದರೂ ಈ ರಕ್ಷಣೆ ಇರುವುದಿಲ್ಲ. ಆ ಬಳಿಕ ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ದಂಪತಿ ರೂಪಿಸಿದಂತಹ ನೈಸರ್ಗಿಕ ವಿಧಾನಗಳಿವೆ. ಬಾಣಂತನದ ತಿಂಗಳುಗಳಲ್ಲಿ ದೇಹದ ಲಕ್ಷಣಗಳನ್ನು ಗುರುತಿಸುವುದು ಸುಲಭವಲ್ಲ, ತರಬೇತಾದವರಿಂದ ಕಲಿಯಬೇಕು. ಗಂಡನ ಸಹಕಾರವಿಲ್ಲದೆ ಇದು ನಡೆಯದು. ಇಡೀ ಭಾರವನ್ನು ಹೆಂಡತಿಯ ಮೇಲೆ ಹೊರಿಸಿ ಆಕೆಗೆ ಉಪದೇಶ ಮಾಡುವುದು ನ್ಯಾಯವಲ್ಲ.

ಈಗಾಗಲೇ ಅಳವಡಿಸಿದ್ದರೆ?

ತನಗೆ ತಿಳಿಯದೆ ನಡೆದುದಕ್ಕೆ ಯಾರೂ ದೋಷಿಯಾಗುವುದಿಲ್ಲ. ಘೋರ ಪಾಪಕ್ಕೆ ಪೂರ್ಣ ಅರಿವು ಮತ್ತು ಸ್ವಂತ ಸಮ್ಮತಿ ಎರಡೂ ಬೇಕೆಂಬುದು ಧರ್ಮಸಭೆಯ ಬೋಧನೆ. ಬಡತನ, ಭಯ ಅಥವಾ ಒತ್ತಡದಿಂದ ಒಪ್ಪಿದವರು ಪಾಪನಿವೇದನೆಯಲ್ಲಿ ಗುರುಗಳೊಂದಿಗೆ ಮನಬಿಚ್ಚಿ ಮಾತನಾಡಲಿ. ತೆಗೆಸಬೇಕೆಂದಿದ್ದರೆ ಅದು ವೈದ್ಯರಿಂದಲೇ ಆಗಲಿ. ಮುಂದೆ ಅನುಸರಿಸುವ ವಿಧಾನವನ್ನು ದಂಪತಿಗಳು ಮೊದಲೇ ಕಲಿತುಕೊಳ್ಳಲಿ.

ವಾರ್ಡಿನ ಗುರಿಕಾರರಲ್ಲಿ ಮತ್ತು ಸಂಘಟನೆಗಳ ಕಾರ್ಯಕರ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಬಾಣಂತಿಯ ಮನೆಗೆ ಹೋದಾಗ ಇಂತಹ ವಿಷಯವನ್ನು ನಾಲ್ಕು ಜನರ ಮುಂದೆ ಕೆದಕಬೇಡಿ. ಆಕೆಯೇ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಗುಟ್ಟು ಕಾಪಾಡಿ, ನೋವಿದ್ದರೆ ಆಸ್ಪತ್ರೆಗೆ ಜೊತೆಯಾಗಿ ಹೋಗಿ. ತಾಯಿ ಮತ್ತು ಮಗುವಿನ ಕ್ಷೇಮ ನಮ್ಮೆಲ್ಲರ ಹೊಣೆ.